ಅಬ್ಬಲಿಗೆ ಒಂದು, ಮಲ್ಲಿಗೆ ಸೊನ್ನೆ

ಕುಂದಾಪುರದಲ್ಲಿ ಬೈಂದೂರು ಬಸ್ಸಿಗೆ ಕಾಯುತ್ತಿದ್ದೆ. ಹೂವಿನ ಬುಟ್ಟಿಯಿಂದ ಮಲ್ಲಿಗೆಯ ಘಮ ಬಂತು. ನಡುನಡುವೆ ಕೇಸರಿ ಅಬ್ಬಲಿಗೆ, ಅಂದರೆ ಕನಕಾಂಬರ, ಸೇರಿಸಿ ಕಟ್ಟಿದ ದಂಡೆ. ಕಣ್ಣು ತಾನಾಗಿ ಓದತೊಡಗಿತು: ಸೊನ್ನೆ, ಒಂದು, ಸೊನ್ನೆ... ನಗಬೇಡಿ, ಇದು ನನ್ನ ಹಳೇ ಚಾಳಿ. ಹೋಟೆಲಿನ ಕಪ್ಪುಬಿಳಿ ಟೈಲ್ಸ್ ಕಂಡರೂ ಕಾಫಿ ಆರುವವರೆಗೆ ಓದುತ್ತೇನೆ. ಇವತ್ತಂತೂ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ. ಬೈಂದೂರಿನ ದಾರಿಯ ಬಿಜೂರಿನಲ್ಲಿ ನಾಳೆ ಅಣ್ಣನ ಮಗಳನ್ನು ನೋಡಲು ಗಂಡಿನವರು ಬರುತ್ತಾರೆ. "ಅವ್ಳ್ ತಲಿ ಅಲ್ಲಾಡ್ಸಿದ್ಲ್, ಒಪ್ಗಿ ಇತ್ತ್" ಎಂದಿದ್ದಾನೆ ಅಣ್ಣ.

ಈ ಚಾಳಿ ಅಂಟಿಸಿದವಳು ಗಿರಿಜೆ. ತೊಂಬತ್ತೆಂಟರಲ್ಲಿ ಇಬ್ಬರೂ ಇದೇ ಪೇಟೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆವು. ಕಂಪ್ಯೂಟರಿಗಿಂತ ಕಲಿಯುವವರೇ ಹೆಚ್ಚು, ಹಾಗಾಗಿ ಮೇಷ್ಟ್ರು ಎಲ್ಲವನ್ನೂ ಬೋರ್ಡಿನ ಮೇಲೆಯೇ ಕಲಿಸಿದರು. ಇಂಗ್ಲಿಷಿನ ಪ್ರತಿ ಅಕ್ಷರಕ್ಕೂ ಎಂಟು ಅಂಕಿ, ಬರೀ ಸೊನ್ನೆ ಮತ್ತು ಒಂದು. ನನಗದು ತಲೆನೋವು, ಗಿರಿಜೆಗೆ ಹುಚ್ಚು. ಅವಳ ಅಮ್ಮ ಮೀನು ಮಾರುತ್ತಿದ್ದರು, ಇವಳು ಮನೆಯಲ್ಲಿ ಹೂ ಕಟ್ಟುತ್ತಿದ್ದಳು. ಮಲ್ಲಿಗೆ ಸೊನ್ನೆ, ಅಬ್ಬಲಿಗೆ ಒಂದು ಎಂದುಕೊಂಡು ಒಮ್ಮೆ ನನ್ನ ಹೆಸರನ್ನೇ ಕಟ್ಟಿ ನನಗೆ ಮುಡಿಸಿದಳು. ಇಡೀ ದಿನ ರಾಣಿಯಂತೆ ಮೆರೆದೆ.

ಅವಳನ್ನು ನೋಡಲು ತೆಕ್ಕಟ್ಟೆಯಿಂದ ಗಂಡಿನವರು ಬಂದ ದಿನ ನಾನೂ ಇದ್ದೆ. ಕ್ಲಾಸು ಮುಗಿಸಿ ಕೆಲಸಕ್ಕೆ ಸೇರುವ ಆಸೆ ಅವಳಿಗೆ. ಆದರೆ ಅಪ್ಪಯ್ಯನೆದುರು ಬಾಯಿಯೇ ಬರುತ್ತಿರಲಿಲ್ಲ. ಹೂವಿನ ತಟ್ಟೆಯನ್ನು ನನ್ನ ಮುಂದಿಟ್ಟು ಕಣ್ಣಲ್ಲೇ "ಓದು" ಎಂದಳು. ಮಲ್ಲಿಗೆ, ಅಬ್ಬಲಿಗೆ, ಎರಡು ಮಲ್ಲಿಗೆ, ಮೂರು ಅಬ್ಬಲಿಗೆ, ಒಂದು ಮಲ್ಲಿಗೆ: ಅದು 'ಎನ್'. ಮುಂದಿನ ಎಂಟು 'ಓ'. ದಂಡೆಯುದ್ದಕ್ಕೂ ನೋ, ನೋ, ನೋ. ಓದಬಲ್ಲವಳು ನಾನೊಬ್ಬಳೇ!

ಅಷ್ಟರಲ್ಲಿ ಅವಳಮ್ಮ ಬಂದು, ಬಂದ ಹೆಂಗಸರಿಗೆ ಕೊಡಲೆಂದು ಆ ದಂಡೆಯನ್ನೇ ತುಂಡು ತುಂಡು ಮಾಡಿದರು. "ಹೂಗ್ ಮುಡ್ಕಣಿ" ಎಂದು ಗಂಡಿನ ತಾಯಿಗೆ ಉದ್ದದ ತುಂಡನ್ನೇ ಕೊಟ್ಟರು. ಆಕೆ ಗಿರಿಜೆಯ 'ನೋ' ಮುಡಿದು ನಗುತ್ತ ಕುಳಿತರು.

ನಾನೇ ಹೇಳಿಬಿಡೋಣವೆಂದು ಎದ್ದೆ. ಗಿರಿಜೆಯ ದನಿ ಮೊದಲು ಕೇಳಿತು.

"ಅಪ್ಪಯ್ಯ, ನಂಗ್ ಈ ಮದಿ ಬ್ಯಾಡ."

"ಎಂತ ಹೇಳ್ದೆ?"

"ಬ್ಯಾಡ."

ಅಪ್ಪಯ್ಯ ತಿಂಗಳುಗಟ್ಟಲೆ ಅವಳೊಂದಿಗೆ ಮಾತು ಬಿಟ್ಟರು. ಅವಳು ಅತ್ತಳು, ಆದರೆ ಕ್ಲಾಸಿಗೆ ಬಂದಳು. ನನಗೆ ಅವಳ ಮೇಲೆ ಹೆಮ್ಮೆ, ಇವತ್ತಿಗೂ.

ಬಸ್ಸು ಬಂತು. ಹತ್ತಲಿಲ್ಲ. ಅಣ್ಣನ ಮಗಳಿಗೆ ಫೋನ್ ಮಾಡಿದೆ.

"ಮಗಾ, ತಲಿ ಅಲ್ಲಾಡ್ಸುದ್ ಬ್ಯಾಡ. ಈ ಗಂಡ್ ನಿಂಗ್ ಬೇಕಾ, ಬ್ಯಾಡ್ದಾ? ಬಾಯ್ ಬಿಟ್ಟ್ ಹೇಳ್."

ಆ ಕಡೆ ಅವಳು ಕೋಣೆಯ ಬಾಗಿಲು ಹಾಕಿಕೊಂಡ ಸದ್ದು. ಕಾದೆ.

"ಅತ್ತೆ," ಎಂದಳು ಕೊನೆಗೆ, "ಇಷ್ಟ್ ದಿನ ನನ್ ಹತ್ರ ಯಾರೂ ಕೇಣ್ಲೇ ಇಲ್ಲ."