ಬಣವೆಯ ನೆರಳಲ್ಲಿ ಭೂತಗನ್ನಡಿ

ಆ ಶನಿವಾರ ಬೆಳಿಗ್ಗೆಯಷ್ಟೇ ಮೂರನೇ ತರಗತಿಯ ಮಕ್ಕಳಿಗೆ ಭೂತಗನ್ನಡಿಯಿಂದ ಬಿಸಿಲು ಹಿಡಿದು ಕಾಗದ ಸುಡುವುದನ್ನು ತೋರಿಸಿದ್ದೆ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನೋಡಿದರೆ ವಿಜ್ಞಾನದ ಪೆಟ್ಟಿಗೆಯಲ್ಲಿ ಭೂತಗನ್ನಡಿಯೇ ಇಲ್ಲ! ನಾನು ಓದಿದ ಇಂಗ್ಲಿಷ್ ಶಾಲೆಯಲ್ಲಿ ಸಲಕರಣೆಗಳನ್ನು ಮೇಷ್ಟರ ಕಣ್ಣೆದುರೇ ಬಳಸಬೇಕೆಂಬ ನಿಯಮವಿತ್ತು. ಐವತ್ತರ ದಶಕದಲ್ಲಿ ಯಲಹಂಕದ ಶಾಲೆಯೊಂದಕ್ಕೆ ಮೇಷ್ಟರಾಗಿ ಬಂದಾಗ ನಾನೂ ಅದನ್ನೇ ಜಾರಿಗೆ ತಂದಿದ್ದೆ.

ಅದೇ ತರಗತಿಯ, ಪುಟ್ಟೇನಹಳ್ಳಿಯ ಲಕ್ಷ್ಮಿ ಅದನ್ನು ಮನೆಗೆ ಒಯ್ದಿದ್ದಾಳೆಂದು ಅವಳ ಗೆಳತಿ ಹೇಳಿದಳು. ಸುಗ್ಗಿ ಮುಗಿದು, ಆ ಊರಿನ ಮನೆಮನೆಯ ಮುಂದೆ ರಾಗಿಹುಲ್ಲಿನ ಬಣವೆ ಎದ್ದಿದ್ದ ಕಾಲ. ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಬಣವೆ ಹತ್ತಿಕೊಂಡರೆ ಊರೇ ಹೋಗುತ್ತದೆ, ಬೆಂಕಿ ಹಚ್ಚುವುದನ್ನು ಕಲಿಸಿದವನು ನಾನೇ ಎಂದುಕೊಳ್ಳುತ್ತಾ ಸೈಕಲ್ ತುಳಿದೆ.

ಲಕ್ಷ್ಮಿಯ ಅಜ್ಜಿ ಬಣವೆಗೆ ಒರಗಿ ಕೂತು ಹರಿದ ರವಿಕೆಗೆ ಹೊಲಿಗೆ ಹಾಕುತ್ತಿದ್ದರು. ಮೊಮ್ಮಗಳು ಸೂಜಿಯ ಮೇಲೆ ಭೂತಗನ್ನಡಿ ಹಿಡಿದಿದ್ದಳು.

“ಬೆಂಕಿ ಹತ್ತಿಕೊಂಡರೆ ಏನೇ ಗತಿ?” ಏದುಸಿರಿನಲ್ಲೇ ಗದರಿದೆ.

“ಬಿಸಿಲಲ್ಲಿಡಿದ್ರೆ ತಾನೇ ಸಾ ಸುಡೋದು? ನೀವೇ ಏಳಿದ್ರಲ್ಲ. ಅದ್ಕೇ ಅಜ್ಜೀನ ನೆಳ್ಳಲ್ಲಿ ಕೂರ್ಸಿದೀನಿ,” ಎಂದಳು ಲಕ್ಷ್ಮಿ.

ಪಾಠ ಕೇಳಿಸಿಕೊಂಡಿದ್ದಾಳೆ! ಹೋದ ಜೀವ ಬಂದಂತಾಯಿತು. ಗಾಜಿಗಾಗಿ ಕೈ ಚಾಚಿದೆ.

“ತಡ್ಕಳಿ ಮೇಷ್ಟ್ರೇ, ಇನ್ನೊಂದು ತೋಳೈತೆ. ಕೂತ್ಕಳಿ,” ಎಂದರು ಅಜ್ಜಿ, ತಲೆಯೆತ್ತದೆ.

ಕೂತೆ. ಸಲಕರಣೆ ಮೇಷ್ಟರ ಕಣ್ಣೆದುರೇ ಬಳಕೆಯಾಗಬೇಕೆಂಬ ನಿಯಮವನ್ನು ಆ ರವಿಕೆ ಮುಗಿಯುವವರೆಗೂ ಚಾಚೂ ತಪ್ಪದೆ ಪಾಲಿಸಿದೆ.