ಮಧುಗಿರಿಯಲ್ಲಿ ನಾನು ಆರಿಸಿದ ಮನೆ

ಇನ್ನು ಮುಂದೆ ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಎಂದು ಆಫೀಸಿನವರು ತಿಳಿಸಿದಾಗ, ನಾನೂ ನನ್ನ ಗೆಳತಿಯೂ ತುಮಕೂರಿನ ಪಿ.ಜಿ. ಬಿಡುವುದೆಂದು ತೀರ್ಮಾನಿಸಿದೆವು. ಎಂ.ಎ. ಓದುವಾಗಿನಿಂದ ಒಂದೇ ಕೋಣೆಯಲ್ಲಿದ್ದವರು. ಕೆಲಸವೂ ಒಂದೇ, ಪಠ್ಯಪುಸ್ತಕಗಳ ಕರಡು ತಿದ್ದುವುದು. ಸಣ್ಣ ಊರಿನಲ್ಲಿ ಎರಡು ಕೋಣೆಯ ಮನೆ ಹಿಡಿದರೆ ಖರ್ಚು ಅರ್ಧಕ್ಕಿಳಿಯುತ್ತದೆ ಎಂಬುದು ಅವಳ ಅಂದಾಜು. ನನಗೆ ಬೇಕಿದ್ದದ್ದು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ. ಹುಟ್ಟಿದಾಗಿನಿಂದ ಅಂಥದ್ದೊಂದು ನನಗಿರಲಿಲ್ಲ. ಅದನ್ನು ಅವಳಿಗೆ ಮಾತ್ರ ಹೇಳಿದ್ದೆ.

ಮನೆ ಹುಡುಕುವುದು ನನ್ನ ಪಾಲಿಗೆ ಬಂತು. ಒಂದೊಂದು ಊರಿನಲ್ಲಿ ಎರಡು ದಿನ ಇದ್ದು, ಕಂಡದ್ದನ್ನು ಸಂಜೆ ಅವಳಿಗೆ ಬರೆದು ಕಳಿಸುತ್ತಿದ್ದೆ. ಶಿರಾದಲ್ಲಿ ಹೆದ್ದಾರಿ ಇರುವುದರಿಂದ ಯಾವ ಹೊತ್ತಿಗೂ ಬಸ್ಸು ಸಿಗುತ್ತದೆ, ಬಾಡಿಗೆ ಮಾತ್ರ ಹೆಚ್ಚು. ಕೊರಟಗೆರೆಗೆ ತೋವಿನಕೆರೆ ಕಡೆಯಿಂದ ತರಕಾರಿ ಬರುತ್ತದೆ, ಅಗ್ಗ. ಆದರೆ ಕೋತಿಗಳು ಇಂಟರ್‌ನೆಟ್ ವೈರಿಗೆ ಜೋತುಬಿದ್ದು ನಾನಿದ್ದಾಗಲೇ ಮೂರು ಸಲ ಸಂಪರ್ಕ ಹೋಯಿತು. ಮಧುಗಿರಿಯಲ್ಲಿ ಹಗಲೆಲ್ಲ ಕಾದ ಬೆಟ್ಟದ ಬಂಡೆ ಸಂಜೆಗೂ ಆರುವುದಿಲ್ಲ. ಆದರೂ ಅಲ್ಲಿನ ಒಂದು ಮಹಡಿ ಮನೆ ನನಗೆ ಹಿಡಿಸಿತು. ಎರಡು ಕೋಣೆ, ಎರಡಕ್ಕೂ ಚಿಲಕ, ದಿನ ಬಿಟ್ಟು ದಿನ ನಲ್ಲಿ ನೀರು.

ಕರಾರು ಪತ್ರ ಯಾವಾಗ ಮಾಡಿಸೋಣ ಎಂದು ಕೇಳಿದ್ದಕ್ಕೆ ಮನೆಯೊಡತಿ ನಕ್ಕರು.

"ಪತ್ರ ಯಾಕಮ್ಮ, ನೀನೇನು ಮನೆ ಹೊತ್ಕಂಡೋಯ್ತೀಯಾ? ತಟ್ಟೇಲಿ ಎಲೆ ಅಡಿಕೆ ಇಟ್ಟು, ಮ್ಯಾಲೆ ನೂರೊಂದು ರೂಪಾಯಿ ಇಡು. ನಾನು ಈಸ್ಕಂಡ್ರೆ ಮನೆ ನಿಂದು. ಆಮ್ಯಾಕೆ ಯಾರು ಬಂದ್ರೂ ಕೊಡಾಕಿಲ್ಲ."

ಎದುರಿನ ಅಂಗಡಿಯಲ್ಲೇ ಎಲೆ ಸಿಗುತ್ತಿತ್ತು. ಆದರೆ ಮನೆ ಇಬ್ಬರದು, ತಟ್ಟೆಯನ್ನೂ ಇಬ್ಬರೇ ಕೊಡಬೇಕು ಎನಿಸಿತು. ಶುಕ್ರವಾರ ಗೆಳತಿಯನ್ನು ಕರೆದುಕೊಂಡು ಬರುತ್ತೇನೆ ಎಂದೆ. ಆ ಸಂಜೆ ಅವಳಿಗೆ ಬರೆಯುವಾಗ ಎಲೆ ಅಡಿಕೆಯ ಮಾತನ್ನೂ ಬಿಡದೆ ಬರೆದೆ.

"ಸೂಪರ್ ಕಣೇ," ಎಂದು ಉತ್ತರ ಬಂತು. "ಆದ್ರೂ ಪಾವಗಡ ಒಂದು ನೋಡ್ಬಿಡು. ಆಮೇಲೆ ಬೇಜಾರಾಗ್ಬಾರ್ದು."

ಪಾವಗಡಕ್ಕೂ ಹೋದೆ. ಬಾಡಿಗೆ ಎಲ್ಲ ಊರಿಗಿಂತ ಕಡಿಮೆ. ಕುಡಿಯುವ ನೀರನ್ನು ಮಾತ್ರ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನಿನಲ್ಲಿ ಹಿಡಿದು ತರಬೇಕು. ಮನೆ ತೋರಿಸಿದಾಕೆ "ಒಬ್ಬಳೇನಾ? ಪೆಳ್ಳಿ ಕಾಲೇದಾ?" ಎಂದು ಮದುವೆಯ ವಿಚಾರವನ್ನು ತೆಲುಗಿನಲ್ಲಿ ವಿಚಾರಿಸಿಕೊಂಡರು. ಇಬ್ಬರಿದ್ದೇವೆ ಎಂದೆ.

ಗುರುವಾರ ಮಿಡಿಗೇಶಿ ಮೇಲಿನ ಬಸ್ಸಿನಲ್ಲಿ ವಾಪಸಾಗುವಾಗ, ನಾಳೆ ಎಷ್ಟು ಹೊತ್ತಿಗೆ ಬರುತ್ತೇವೆಂದು ಹೇಳಿ ಹೋಗಲು ಮಧುಗಿರಿಯಲ್ಲಿ ಇಳಿದೆ.

"ನಿನ್ ಫ್ರೆಂಡು ನಿನ್ನೇನೆ ತಟ್ಟೆ ಕೊಟ್ಟೋದ್ಲಲ್ಲಮ್ಮ," ಎಂದರು ಮನೆಯೊಡತಿ. "ತಂಗೀನೂ ಕರ್ಕಂಬಂದಿದ್ಲು. ನೀನು ಶಿರಾದಾಗೆ ಮನೆ ಹಿಡ್ದೆ ಅಂದ್ಲು."

"ನಾನು ಹಿಡಿದಿಲ್ಲ."

ಅವರು ನನ್ನ ಮುಖ ನೋಡಿದರು. "ಈಸ್ಕಂಬುಟ್ನಲ್ಲ ಕಣಮ್ಮ. ಅವತ್ತೇ ನೀನೊಬ್ಳೇ ಕೊಟ್ಟಿದ್ರೆ ಏನಾಗ್ತಿತ್ತು?"

ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ಪೂರ್ತಿ ಕುಡಿದೆ.

ಬಸ್ ನಿಲ್ದಾಣದಿಂದ ಗೆಳತಿಗೆ ಫೋನ್ ಮಾಡಿದೆ. "ತಂಗಿಗೂ ಮನೆಯಿಂದ್ಲೇ ಮಾಡೋ ಕೆಲ್ಸ ಸಿಕ್ತು ಕಣೇ," ಎಂದಳು. "ನಮ್ಮಪ್ಪ ಅವಳನ್ನ ಬೇರೆ ಕಡೆ ಬಿಡಲ್ಲ. ನಿಂಗೆ ಹೆಂಗೆ ಹೇಳೋದು ಗೊತ್ತಾಗ್ಲಿಲ್ಲ. ನಿಂಗೂ ಒಬ್ಳೇ ಇರೋದೇ ತಾನೇ ಇಷ್ಟ?"

ನಾನು ನಂಬಿ ಹೇಳಿದ್ದ ಮಾತನ್ನೇ ಅವಳು ನೆಪ ಮಾಡಿಕೊಂಡಿದ್ದಳು. "ಹಾಗಾದ್ರೆ ನನ್ನ ಪಾವಗಡಕ್ಕೆ ಯಾಕೆ ಕಳಿಸಿದೆ?" ಎಂದು ಕೇಳಿದೆ. ಅವಳು, ಮೀಟಿಂಗ್ ಇದೆ, ಮತ್ತೆ ಮಾಡುತ್ತೇನೆ ಎಂದಳು. ಮತ್ತೆ ಮಾಡಲಿಲ್ಲ.

ಈಗ ಶಿರಾದಲ್ಲಿ ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದೇನೆ. ಇಬ್ಬರು ಹಂಚಿಕೊಳ್ಳಬೇಕಿದ್ದ ಬಾಡಿಗೆಗಿಂತ ಹೆಚ್ಚು ಬಾಡಿಗೆಯನ್ನು ಒಬ್ಬಳೇ ಕೊಡುತ್ತೇನೆ. ಬಾಗಿಲು ಭದ್ರವಾಗಿದೆ. ಕೆಲಸ ಮುಗಿದ ಮೇಲೂ ಎಷ್ಟೋ ದಿನ ಅದನ್ನು ತೆರೆಯುವುದೇ ಇಲ್ಲ. ಮೊನ್ನೆ ಟೈಲರ್ ಅವರ ಹೆಂಡತಿ ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದರು: "ಏನ್ ಬೇಟಿ, ತಿಂಗಳಾಯ್ತು, ನಿನ್ನ ನೋಡೋಕೆ ದೋಸ್ತ್‌ಗಳು ಯಾರೂ ಬರ್ಲೇ ಇಲ್ಲ?"

ಎಲ್ಲರೂ ದೂರದಲ್ಲಿದ್ದಾರೆ ಎಂದೆ. ಮಧುಗಿರಿ ಇಲ್ಲಿಂದ ಅಷ್ಟೇನೂ ದೂರವಿಲ್ಲ.