ಎಲ್ಲರೂ ಒಪ್ಪಿದ ಸಭೆ

ಬೆಳಿಗ್ಗೆ ಕನ್ನಡಕದ ಡಬ್ಬಿ ಹುಡುಕುತ್ತಾ ಬೀರುವಿನ ಕೆಳಖಾನೆಗೆ ಕೈ ಹಾಕಿದರೆ ಸಿಕ್ಕಿದ್ದು ಒಂದು ಹೆಡ್‌ಫೋನ್. ರಿಪೇರಿ ಮಾಡಿಸಿ ಕೊಡುತ್ತೇನೆಂದು ಚಿನ್ನದ ಗಣಿಯ ಊರಾದ ಉರಿಗಾಂನ ಶಾಲೆಯಿಂದ ತಂದು ಮರೆತೇಬಿಟ್ಟಿದ್ದೆ. ಇನ್ನೂ ಕೊಬ್ಬರಿ ಎಣ್ಣೆಯ ವಾಸನೆ. ಜಿಡ್ಡು ಕಿವಿಗೆ ತಾಗುವ ಸ್ಪಂಜಿಗಷ್ಟೇ ಅಲ್ಲ, ಹೊರಗಿನ ಪ್ಲಾಸ್ಟಿಕ್ಕಿಗೂ ಮೆತ್ತಿತ್ತು. ಅದೇಕೆ ಎಂದು ನಿಮಗೆ ಹೇಳಬೇಕು.

ಪತ್ರಿಕೆಯ ಕೆಲಸ ಬಿಟ್ಟ ಮೇಲೆ ನಾನೊಂದು ಸಂಶೋಧನಾ ತಂಡಕ್ಕೆ ಸಭೆಯ ನಡಾವಳಿ ಬರೆದುಕೊಡುತ್ತಿದ್ದೆ. ಟ್ಯಾಬ್ ಕೊಟ್ಟರೆ ಮಕ್ಕಳು ಕನ್ನಡ ಚೆನ್ನಾಗಿ ಓದುತ್ತಾರೆಯೇ ಎಂಬುದು ಅವರ ಪ್ರಶ್ನೆ. ತಂಡದಲ್ಲಿದ್ದವರು ಒಬ್ಬ ಎಂಜಿನಿಯರ್, ಒಬ್ಬ ಮನಶ್ಶಾಸ್ತ್ರಜ್ಞೆ, ಉರಿಗಾಂನ ರತ್ನಮ್ಮ ಟೀಚರ್. ಬೇರೆ ಬೇರೆ ವಿಷಯದವರು ಒಟ್ಟಿಗೆ ಕೂತು ಯೋಚಿಸುತ್ತೇವೆ ಎಂಬುದು ಅವರ ಹೆಮ್ಮೆ. ಕೂರುತ್ತಿದ್ದುದು ನಿಜ. ಎಂಜಿನಿಯರ್ ಲ್ಯಾಪ್‌ಟಾಪ್ ನೋಡಿ ಮಾತಾಡುತ್ತಿದ್ದರು, ಮನಶ್ಶಾಸ್ತ್ರಜ್ಞೆ ತಮ್ಮ ನಮೂನೆಗಳನ್ನು ನೋಡಿ. ಟೀ ಯಾಕೆ ಬರಲಿಲ್ಲ ಎಂದು ಕೇಳುವಾಗ ಮಾತ್ರ ಇಬ್ಬರೂ ರತ್ನಮ್ಮನವರನ್ನು ನೋಡುತ್ತಿದ್ದರು. ಸಭೆ ಬಂಗಾರಪೇಟೆ ಸ್ಟೇಷನ್ ಪಕ್ಕದ ಬಾಡಿಗೆ ಕೋಣೆಯಲ್ಲಿ. ಇಬ್ಬರೂ ಬೆಂಗಳೂರಿನ ರೈಲು ಹಿಡಿಯಬೇಕು. ಹಾಗಾಗಿ ಯಾವ ಚರ್ಚೆಯೂ ತೀರ್ಮಾನವಾಗಿ ಮುಗಿಯುತ್ತಿರಲಿಲ್ಲ, ರೈಲಿನ ಹೊತ್ತಾಗಿ ಮುಗಿಯುತ್ತಿತ್ತು.

ಆ ದಿನ ಬಂದದ್ದು ಸೆಲ್ವಿಯ ವಿಷಯ. ನಾಲ್ಕನೇ ಕ್ಲಾಸು. ಅವಳ ಟ್ಯಾಬಿನಲ್ಲೂ ಗೆಳತಿ ಲಕ್ಷ್ಮಿಯ ಟ್ಯಾಬಿನಲ್ಲೂ ಒಂದೇ ಒಂದು ಉತ್ತರವಿರಲಿಲ್ಲ. ಪಕ್ಕದ ಮಂಜುಳಾಳದು ಎಲ್ಲವೂ ಸರಿ.

"ಇಬ್ಬರು ಏನೂ ಮಾಡಿಲ್ಲ," ಎಂದರು ಎಂಜಿನಿಯರ್.

"ಗಮನದ ಕೊರತೆ. ಕಥೆ ಓದುವ ಗುಂಪಿನಿಂದ ಅಕ್ಷರ ಕಲಿಯುವ ಗುಂಪಿಗೆ ಇಳಿಸೋಣ," ಎಂದರು ಮನಶ್ಶಾಸ್ತ್ರಜ್ಞೆ.

ರತ್ನಮ್ಮ ಟೀ ಲೋಟ ಕೆಳಗಿಟ್ಟರು. "ಅಯ್ಯೋ, ಓದೋಳೇ ಸೆಲ್ವಿ, ಮೇಡಂ! ಅವ್ಳು ಓದಿ ತಮಿಳಲ್ಲಿ ಏಳ್ತಾಳೆ, ಲಕ್ಷ್ಮಿ ತೆಲುಗಲ್ಲಿ ಏಳ್ತಾಳೆ, ಆಮೇಲೆ ಮೂರೂ ಜನ ಜಗಳ ಆಡಿ ಒಂದ್ ಉತ್ತರ ಅಂತಾರೆ. ಮಂಜುಳಾ ಅವ್ಳ ಟ್ಯಾಬಲ್ಲಿ ಒತ್ತೋದು ಅಷ್ಟೇ. ನಮ್ ಮಕ್ಳು ಓದೋದೇ ಅಂಗೆ. ಆ ಹೆಡ್‌ಫೋನು ಯಾರೂ ಆಕ್ಕೊಳಲ್ಲ ಸಾರ್. ಸೌಂಡ್ ಜಾಸ್ತಿ ಮಾಡಿ ಬೆಂಚಿನ್ ಮೇಲಿಟ್ಟು ಮೂರು ಎಣ್ಣೆ ತಲೆ ಆನಿಸ್ಕೊಂಡಿರ್ತವೆ."

"ಒಬ್ಬರಿಗೆ ಒಂದು ಟ್ಯಾಬ್ ಅಂತಲೇ ಪ್ರೋಗ್ರಾಂ ಬರೆದಿರೋದು," ಎಂಜಿನಿಯರ್ ಚೀಲದ ಜಿಪ್ ಎಳೆದರು. ಮನಶ್ಶಾಸ್ತ್ರಜ್ಞೆ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಯಾರು ಏನೆಂದರೆಂದು ಹೆಸರು ಹಾಕಿ ಬರೆಯದ ಸುದ್ದಿಯನ್ನು ಮುಖಕ್ಕೆ ಎಸೆಯುವ ಸಂಪಾದಕರ ಕೈಯಲ್ಲಿ ಪಳಗಿದವನು ನಾನು. ಅಂಥ ನಾನು ಬರೆದೆ: 'ಇಬ್ಬರನ್ನು ಅಕ್ಷರದ ಗುಂಪಿಗೆ ಸೇರಿಸಲು ಎಲ್ಲರೂ ಒಪ್ಪಿದರು.'

ಮುಂದಿನ ತಿಂಗಳು ಶಾಲೆಗೆ ಹೋದಾಗ ಸೆಲ್ವಿ ಮೂಲೆಯ ಬೆಂಚಿನಲ್ಲಿ ಒಬ್ಬಳೇ ಇದ್ದಳು, ಲಕ್ಷ್ಮಿ ಇನ್ನೊಂದು ಮೂಲೆಯಲ್ಲಿ. ಕಿವಿಗೆ ಹೆಡ್‌ಫೋನ್, ಪರದೆಯ ಮೇಲೆ 'ಆ' ಮತ್ತು ಆನೆ.

"ಸಾರ್, ಈ ಆನೆ ದಿನಾ ಬತ್ತದೆ. ಇದುಕ್ಕೆ ಬೇರೆ ಕೆಲ್ಸ ಇಲ್ವಾ?"

ನಕ್ಕೆ. ನಗಬಾರದಿತ್ತು. ಆ ವರ್ಷವೆಲ್ಲ ಅವಳು ಆನೆಯ ಜೊತೆಗೇ ಕೂತಳು. ವರದಿಯಲ್ಲಿ 'ನಿಧಾನ ಕಲಿಕೆ' ಎಂಬ ಸಾಲಿನಲ್ಲಿ ಅವಳೂ ಸೇರಿದಳು.

ಈಗ, ಬರುವ ವಾರ, ಅದೇ ತಂಡ ಮತ್ತೆ ಕೂರುತ್ತಿದೆ. ಈ ಸಲ ಬೂದಿಕೋಟೆಯ ಮಕ್ಕಳು, ಅದೇ ಟ್ಯಾಬ್, ಅದೇ ಪ್ರೋಗ್ರಾಂ. ನಡಾವಳಿಗೆ ಮತ್ತೆ ನನ್ನನ್ನೇ ಕರೆದಿದ್ದಾರೆ. ನಾನು ತಕರಾರು ಮಾಡುವವನಲ್ಲವೆಂದು ಅವರಿಗೆ ಗೊತ್ತು. ಹೆಡ್‌ಫೋನನ್ನು ಮೇಜಿನ ಮೇಲಿಟ್ಟುಕೊಂಡು ರತ್ನಮ್ಮನವರಿಗೆ ಫೋನ್ ಮಾಡಿದೆ.

"ಟೀಚರ್, ಆವತ್ತು ಸೆಲ್ವಿ ವಿಷಯ ಹೇಳಿದಿರಲ್ಲ, ಇನ್ನೊಂದು ಸಲ ಹೇಳಿ. ಬರೆದುಕೊಳ್ಳುತ್ತೇನೆ. ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಓದುತ್ತೇನೆ."

"ಯಾಕ್ ಸಾರ್, ಇವತ್ತು ರೈಲಿಗೆ ಒತ್ತಾಗಲ್ವಾ?" ಎಂದರು ರತ್ನಮ್ಮ.

ನನ್ನ ಮನೆ ಬಂಗಾರಪೇಟೆಯಲ್ಲೇ, ಆ ಕೋಣೆಯಿಂದ ನಡೆಯುವಷ್ಟು ದೂರ. ನನಗೆ ಅಂದೂ ಯಾವ ರೈಲೂ ಇರಲಿಲ್ಲ.

"ಇಲ್ಲ ಟೀಚರ್, ಹೇಳಿ," ಎಂದೆ. ಮೊದಲು ಅವರ ಹೆಸರು ಬರೆದುಕೊಂಡೆ.